ಸಂಕ್ರಾಂತಿಯ ಹೊತ್ತಿಗೆ ನೆಲ ಹಿಡಿದ ಮುದಿ ಎತ್ತು

ಸಂಕ್ರಾಂತಿ ಹತ್ತಿರ ಬಂದಿತೆಂದರೆ ಮಂಡ್ಯ, ಮೈಸೂರು, ರಾಮನಗರದ ಕಡೆಯ ಹಳ್ಳಿಗಳಲ್ಲಿ ರಾಸುಗಳದೇ ಹಬ್ಬ. ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಕೊರಳಿಗೆ ಗೆಜ್ಜೆ ಕಟ್ಟಿ, ಇಳಿಹೊತ್ತಿನಲ್ಲಿ ಕಿಚ್ಚು ಹಾಯಿಸುತ್ತೀರಿ. ಆದರೆ ಹದಿನೈದು ವರ್ಷ ನಿಮ್ಮ ಹೊಲ ಉತ್ತ ಎತ್ತೊಂದು ಅದೇ ದಿನಗಳಲ್ಲಿ ಕೊಟ್ಟಿಗೆಯ ಮೂಲೆಯಲ್ಲಿ ಏಳಲಾರದೆ ಮಲಗಿದ್ದರೆ ಏನು ಮಾಡುವಿರಿ? ಇದು ಅಪರೂಪದ ಸಂಗತಿಯೇನಲ್ಲ. ಹಲ್ಲು ಸವೆದ ರಾಸು ಒಣಹುಲ್ಲನ್ನು ಅಗಿಯಲಾರದೆ ಮೊದಲೇ ಸೊರಗಿರುತ್ತದೆ. ಜನವರಿಯ ಚಳಿಯಲ್ಲಿ ಅದು ನೆಲ ಹಿಡಿಯುತ್ತದೆ.

ಮೊದಲನೆಯದಾಗಿ, 'ವಯಸ್ಸಾಯಿತು' ಎಂದು ನೀವೇ ತೀರ್ಪು ಕೊಡಬೇಡಿ. ಉಣ್ಣೆಯಿಂದ ಬರುವ ಜ್ವರ, ಜಂತುಹುಳುವಿನ ಬಾಧೆ, ಗೊರಸಿನ ಹುಣ್ಣು, ಜಾರಿ ಬಿದ್ದ ಪೆಟ್ಟು, ಇವುಗಳಿಂದಲೂ ರಾಸು ಮಲಗುತ್ತದೆ. ಕರು ಹಾಕಿದ ಹಸು ಹಾಲುಜ್ವರದಿಂದ ಬಿದ್ದು, ಸುಣ್ಣದ ಅಂಶದ ಚುಚ್ಚುಮದ್ದಿನಿಂದ ಕೆಲವೇ ಗಂಟೆಗಳಲ್ಲಿ ಎದ್ದು ನಿಲ್ಲುವುದನ್ನು ನಿಮ್ಮಲ್ಲಿ ಅನೇಕರು ನೋಡಿದ್ದೀರಿ. ಆದ್ದರಿಂದ ಪಶುವೈದ್ಯರನ್ನು ಕರೆಯಿಸಿ, ಅದೂ ಹಬ್ಬದ ರಜೆಗೆ ಮುನ್ನವೇ ಕರೆಯಿಸಿ. ಸಂಚಾರಿ ಪಶು ಚಿಕಿತ್ಸಾ ವಾಹನವನ್ನು ಕೇಳಲು 1962 ಸಂಖ್ಯೆಗೆ ದೂರವಾಣಿ ಮಾಡಬಹುದು.

ನಮ್ಮ ಮನೆಯ ಮಾತನ್ನೇ ಹೇಳುತ್ತೇನೆ. ರಾಮ ಎಂಬ ಹಳ್ಳಿಕಾರ್ ಎತ್ತು; ಅದರ ಜೊತೆಯ ಲಕ್ಷ್ಮಣ ಎರಡು ವರ್ಷ ಮೊದಲೇ ತೀರಿಕೊಂಡಿತ್ತು. ಹಬ್ಬಕ್ಕೆ ಮೂರು ದಿನವಿರುವಾಗ ರಾಮ ಮಲಗಿತು. ವೈದ್ಯರು ನೋಡಿ, ಇನ್ನು ಏಳುವುದು ಕಷ್ಟವೆಂದು ಹೇಳಿ ನೋವು ನಿವಾರಕ ಕೊಟ್ಟು ಹೋದರು. ಊರಿನ ಹಿರಿಯರೊಬ್ಬರು ಬಂದು, "ಹಬ್ಬದ ದಿನ ಕೊಟ್ಟಿಗೆಯಲ್ಲಿ ಸಾವು ಬೇಡ ಕಣಪ್ಪ, ಹಿತ್ತಿಲ ಹುಣಸೆ ಮರದಡಿಗೆ ಎಳೆದು ಹಾಕಿಸು" ಎಂದರು. ಅಪ್ಪ ಹಗ್ಗ ತರಲು ಎದ್ದರು. ಅಮ್ಮ ಮಾತ್ರ, "ಹಬ್ಬ ಅವನದೇ ಅಲ್ಲವೇ? ಇಲ್ಲೇ ಇರಲಿ ಬಿಡಿ" ಎಂದರು. ಅಪ್ಪ ಮತ್ತೆ ಹಗ್ಗದ ಮಾತೆತ್ತಲಿಲ್ಲ.

ಅಮ್ಮ ಹೇಳಿದ್ದು ಪ್ರೀತಿಯಿಂದ. ಪಶುವೈದ್ಯ ಶಾಸ್ತ್ರದ ಪ್ರಕಾರವೂ ಅದೇ ಸರಿ. ಮೂರ್ನಾಲ್ಕು ಕ್ವಿಂಟಲ್ ತೂಕದ ರಾಸನ್ನು ಕಾಲಿಗೆ ಹಗ್ಗ ಕಟ್ಟಿ ಎಳೆದರೆ ಕೀಲು ತಪ್ಪುತ್ತದೆ, ಚರ್ಮ ಸುಲಿಯುತ್ತದೆ. ಸ್ಥಳ ಬದಲಿಸಲೇಬೇಕಾದರೆ ದಪ್ಪ ಟಾರ್ಪಾಲಿನ ಮೇಲೋ ಹಲಗೆಯ ಮೇಲೋ ಹೊರಳಿಸಿಕೊಂಡು, ಐದಾರು ಜನ ಸೇರಿ ಅದರೊಡನೆಯೇ ಸಾಗಿಸಿ.

ಸಿಮೆಂಟು ನೆಲದ ಮೇಲೆ ಅದನ್ನು ಮಲಗಿಸಬಾರದು. ಒಂದು ಗೇಣಿಗೆ ಕಡಿಮೆಯಿಲ್ಲದಂತೆ ಒಣಹುಲ್ಲನ್ನೋ ಮರಳನ್ನೋ ಹಾಸಿ. ರಾಸು ಒಂದೇ ಮಗ್ಗುಲಿಗೆ ಬಿದ್ದಿದ್ದರೆ ಅದರ ಭಾರವೆಲ್ಲ ಕೆಳಗಿನ ಹಿಂಗಾಲಿನ ಮೇಲೆ ಬಿದ್ದು, ರಕ್ತದ ಓಡಾಟ ನಿಂತು, ಸ್ನಾಯು ಮತ್ತು ನರಗಳು ಕೆಡುತ್ತವೆ. ಆಮೇಲೆ ಮೂಲ ರೋಗ ವಾಸಿಯಾದರೂ ಏಳುವ ಶಕ್ತಿ ಉಳಿಯುವುದಿಲ್ಲ. ಮೂರು ನಾಲ್ಕು ಗಂಟೆಗೊಮ್ಮೆ, ರಾತ್ರಿಯೂ ಸಹ, ಮಗ್ಗುಲು ಬದಲಿಸಿ. ಹುಲ್ಲಿನ ಹೊರೆಯನ್ನು ಒತ್ತುಕೊಟ್ಟು ಎದೆಯ ಮೇಲೆ ಕುಳಿತಂತೆ ಇರಿಸಿದರೆ ಒಳ್ಳೆಯದು. ಪೂರ್ತಿ ಅಡ್ಡಬಿದ್ದ ರಾಸಿಗೆ ತೇಗು ಬರದೆ ಹೊಟ್ಟೆಯಲ್ಲಿ ವಾಯು ತುಂಬುತ್ತದೆ. ಒದ್ದೆಯಾದ ಹುಲ್ಲನ್ನು ತೆಗೆಯುತ್ತಿರಿ. ಹುಣ್ಣಾದ ಕಡೆ ನೊಣ ಕೂರದಂತೆ ಬೇವಿನ ಎಣ್ಣೆಯನ್ನು ಸುತ್ತಲೂ ಸವರಿ. ನಮ್ಮಲ್ಲಿ ರಾತ್ರಿಯ ಪಾಳಿ ನನ್ನದಾಗಿತ್ತು. ಗೋಣಿಚೀಲ ಹೊದಿಸಿ ಪಕ್ಕದಲ್ಲಿ ಕುಳಿತರೆ ರಾಮ ತಲೆ ಎತ್ತಿ ನನ್ನ ತೋಳು ನೆಕ್ಕುತ್ತಿತ್ತು.

ಈಗ ನಾವು ಮಾಡಿದ ತಪ್ಪನ್ನು ಹೇಳಬೇಕು. ಹಬ್ಬದ ದಿನ, ಕೊನೆಯ ಸಂಕ್ರಾಂತಿಯೆಂಬ ಅಕ್ಕರೆಯಿಂದ, ಮನೆಯವರೆಲ್ಲ ಒಬ್ಬೊಬ್ಬರಾಗಿ ಸಿಹಿ ಪೊಂಗಲನ್ನು ತಂದು ತಿನ್ನಿಸಿದೆವು. ರಾತ್ರಿಗೆ ಹೊಟ್ಟೆ ಬಿಗಿದು ಮುಲುಕತೊಡಗಿತು. ಅನ್ನ, ಬೆಲ್ಲ, ಪಾಯಸ ಹೆಚ್ಚಾದರೆ ರಾಸಿನ ದೊಡ್ಡ ಹೊಟ್ಟೆಯಲ್ಲಿ ಅದು ಬೇಗ ಹುಳಿತು ಆಮ್ಲವಾಗುತ್ತದೆ. ಮೆಲುಕು ನಿಂತು, ಹುಳಿ ವಾಸನೆಯ ತೆಳು ಸಗಣಿ ಬೀಳುತ್ತದೆ. ಗಟ್ಟಿ ರಾಸುಗಳೂ ಇದರಿಂದ ಸತ್ತಿವೆ. ಹಬ್ಬದ ಉಳಿಕೆ ಅಡುಗೆಯನ್ನು ಕಲಗಚ್ಚಿಗೆ ಸುರಿಯುವವರು ಇದನ್ನು ಮರೆಯಬಾರದು. ಪ್ರಸಾದವೆಂದು ಒಂದು ತುತ್ತು ಕೊಟ್ಟರೆ ಸಾಕು. ಮಲಗಿದ ಮುದಿ ಎತ್ತಿಗೆ ಎಳೆ ಹಸಿಹುಲ್ಲನ್ನು ಸಣ್ಣಗೆ ಕತ್ತರಿಸಿ ಸ್ವಲ್ಪ ಸ್ವಲ್ಪವಾಗಿ ಕೊಡಿ, ಉಗುರುಬೆಚ್ಚಗಿನ ನೀರನ್ನು ಬಾಯಿಗೆ ನಿಲುಕುವಂತೆ ಇಡಿ. ನುಂಗಲಾರದ ರಾಸಿಗೆ ಗೊಟ್ಟದಿಂದ ಹುಯ್ಯಬೇಡಿ. ಅದು ಶ್ವಾಸಕೋಶಕ್ಕೆ ಇಳಿಯುತ್ತದೆ.

ತಣ್ಣೀರಿನ ಸ್ನಾನವೂ ಬೇಡ, ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ ಅರಿಶಿನ ಕುಂಕುಮವಿಟ್ಟರೆ ಆಯಿತು. ಕಿಚ್ಚಿನ ಹೊಗೆ ಮತ್ತು ತಮಟೆಯ ಸದ್ದು ಕೊಟ್ಟಿಗೆಯಿಂದ ದೂರವಿರಲಿ.

ನೀರನ್ನೂ ಮುಟ್ಟದೆ, ಮೆಲುಕು ನಿಂತು, ತಲೆ ಎತ್ತಲಾರದೆ, ಹುಣ್ಣುಗಳು ಬಾಯ್ದೆರೆದು ನರಳುತ್ತಿದ್ದರೆ ಇನ್ನೂ ಎಳೆದಾಡಿಸುವುದು ಆರೈಕೆಯಲ್ಲ. ಅಂಥ ಸ್ಥಿತಿಯಲ್ಲಿ ಅರಿವಳಿಕೆ ಮದ್ದನ್ನು ರಕ್ತನಾಳಕ್ಕೆ ಕೊಟ್ಟು ನೋವಿಲ್ಲದೆ ಮುಗಿಸುವುದುಂಟು. ಇದು ಪಶುವೈದ್ಯರೇ ನೋಡಿ ತೀರ್ಮಾನಿಸತಕ್ಕ ಮಾತು. ಅವರನ್ನು ಕೇಳುವುದಕ್ಕೆ ಹಿಂಜರಿಯಬೇಡಿ, ಕೇಳಿದ್ದಕ್ಕಾಗಿ ಆಮೇಲೆ ಕೊರಗಲೂಬೇಡಿ. ನಮ್ಮ ಅಪ್ಪ ಒಂದು ದಿನ ತಡಮಾಡಿದರು; ಆ ಒಂದು ದಿನ ರಾಮ ಪಟ್ಟ ಪಾಡು ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ವೈದ್ಯರು ಬಂದಾಗ ಅದರ ತಲೆ ಅಮ್ಮನ ಮಡಿಲಲ್ಲಿತ್ತು.

ನೋವಿನ ಮದ್ದಿನ ವಿಷಯದಲ್ಲಿಯೂ ಒಂದು ಮಾತು. ಡೈಕ್ಲೋಫಿನಾಕ್ ಮದ್ದನ್ನು ರಾಸುಗಳಿಗೆ ಬಳಸುವುದನ್ನು 2006ರಲ್ಲಿ ನಿಷೇಧಿಸಲಾಗಿದೆ. ಆ ಮದ್ದು ಸೇರಿದ ಹೆಣವನ್ನು ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸಾಯುತ್ತವೆ. ಮೆಲಾಕ್ಸಿಕಾಂ ಅವಕ್ಕೆ ಅಪಾಯಕಾರಿಯಲ್ಲ. ಅರಿವಳಿಕೆಯಿಂದ ಸತ್ತ ರಾಸಿನ ಮಾಂಸವೂ ನಾಯಿ, ಹದ್ದುಗಳಿಗೆ ವಿಷವೇ. ಹೆಣವನ್ನು ಬಯಲಿಗೆ ಎಸೆಯದೆ, ಬಾವಿ ಹಳ್ಳಗಳಿಂದ ದೂರದಲ್ಲಿ ಆರು ಅಡಿಗೆ ಕಡಿಮೆಯಿಲ್ಲದ ಗುಂಡಿ ತೋಡಿ, ಮೇಲೆ ಸುಣ್ಣ ಹರಡಿ ಮಣ್ಣು ಮುಚ್ಚಿ. ರಾಸು ಏಕಾಏಕಿ ಸತ್ತು ಮೂಗು ಅಥವಾ ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಬಂದಿದ್ದರೆ ನೆರಡಿ ರೋಗವಿರಬಹುದು. ಕೊಯ್ಯದೆ, ಚರ್ಮ ಸುಲಿಯದೆ ಕೂಡಲೇ ವೈದ್ಯರಿಗೆ ತಿಳಿಸಿ.

ಮಲಗಿದ್ದ ಜಾಗದ ಹುಲ್ಲನ್ನು ಸುಟ್ಟು, ನೆಲಕ್ಕೆ ಸುಣ್ಣ ಚೆಲ್ಲಿ, ಒಣಗಿದ ಮೇಲೆ ಬೇರೆ ರಾಸು ಕಟ್ಟಬಹುದು. ನಮ್ಮ ಮನೆಯಲ್ಲಿ ಮಾತ್ರ ಆ ಗೂಟಕ್ಕೆ ಯುಗಾದಿಯವರೆಗೆ ಯಾರೂ ರಾಸು ಕಟ್ಟಲಿಲ್ಲ.