ಸಿಲಿಂಡರಿಗೂ ಉಸಿರಿಗೂ ನಡುವಣ ಕೂಡಿಕೆ

ಸಮುದ್ರದೊಳಗೆ ಸಂಚರಿಸಲೆಳಸುವ ಮನುಷ್ಯನು ತನ್ನ ಉಸಿರನ್ನು ಬೆನ್ನಿನ ಮೇಲೆ ಹೊತ್ತೇ ಇಳಿಯಬೇಕಾಗಿರುವುದರಿಂದ, ವಾಯು ತುಂಬಿದ ಸಿಲಿಂಡರಿಗೂ ಆ ವಾಯುವಿನ ಒತ್ತಡವನ್ನು ಹದಕ್ಕಿಳಿಸಿ ಬಾಯಿಗೆ ಒದಗಿಸುವ ರೆಗ್ಯುಲೇಟರಿಗೂ ನಡುವಣ ಕೂಡಿಕೆಯು ಮುಷ್ಟಿಯಲ್ಲಿ ಅಡಗುವಷ್ಟು ಚಿಕ್ಕದಾದರೂ ಅವನ ಪ್ರಾಣವು ಅದನ್ನೇ ನೆಚ್ಚಿರುತ್ತದೆ. 1943ರಲ್ಲಿ ಫ್ರಾನ್ಸಿನ ನೌಕಾಧಿಕಾರಿ ಝಾಕ್ ಕುಸ್ತೋ ಮತ್ತು ಎಂಜಿನಿಯರ್ ಎಮಿಲ್ ಗಾನ್ಯಾನ್ ಇಬ್ಬರೂ ಸೇರಿ ‘ಆಕ್ವಾಲಂಗ್’ ಎಂಬ ಉಪಕರಣವನ್ನು ರೂಪಿಸಿದಂದಿನಿಂದ ಈ ವಿದ್ಯೆಯು ಬಹುದೂರ ಬೆಳೆದು ಬಂದಿದೆಯಾದರೂ, ರೆಗ್ಯುಲೇಟರನ್ನು ಸಿಲಿಂಡರಿನ ವಾಲ್ವಿಗೆ ಜೋಡಿಸುವ ಕ್ರಮದಲ್ಲಿ ಮಾತ್ರ ಲೋಕವು ಇನ್ನೂ ಒಮ್ಮತಕ್ಕೆ ಬಂದಿಲ್ಲ. ಜರ್ಮನಿಯಲ್ಲಿ ಉದ್ಯೋಗದಲ್ಲಿರುವ ಕನ್ನಡಿಗನೊಬ್ಬನು ಅಲ್ಲಿಯೇ ಕೊಂಡ ರೆಗ್ಯುಲೇಟರನ್ನು ಹಿಡಿದು, ಮುರ್ಡೇಶ್ವರದ ಕಡಲಿನಾಚೆಯ ನೇತ್ರಾಣಿಗೋ ಅಂಡಮಾನಿಗೋ ಬಂದನೆಂದರೆ, ಅವನು ಮೊದಲು ಕೇಳಬೇಕಾದ ಪ್ರಶ್ನೆಯು ಮೀನುಗಳ ವಿಷಯವಲ್ಲ, ವಾಲ್ವಿನ ವಿಷಯ.

ವಾಲ್ವುಗಳಲ್ಲಿ ಮುಖ್ಯವಾದ ಪ್ರಭೇದಗಳು ಎರಡು. ಯೋಕ್ ಎಂಬುದರಲ್ಲಿ ರೆಗ್ಯುಲೇಟರಿನ ಲೋಹದ ಚೌಕಟ್ಟು ವಾಲ್ವನ್ನು ಸುತ್ತುಗಟ್ಟಿ ಕುಳಿತು, ಹಿಂದಿನಿಂದ ಒಂದು ತಿರುಪು ಅದನ್ನು ಬಿಗಿಯುತ್ತದೆ. ವಾಯು ಸೋರದಂತೆ ತಡೆಯುವ ಓ-ರಿಂಗ್ ವಾಲ್ವಿನ ಮುಖದಲ್ಲಿಯೇ ಇರುತ್ತದೆ. ಉಷ್ಣದೇಶಗಳ ವಿಹಾರತಾಣಗಳಲ್ಲಿ ಹೆಚ್ಚಾಗಿ ಕಾಣುವುದು ಇದೇ. ಜರ್ಮನಿಯ ಮಾನಕಸಂಸ್ಥೆಯ ಹೆಸರನ್ನು ಹೊತ್ತ ಡಿನ್ ಪದ್ಧತಿಯಲ್ಲಾದರೋ, ರೆಗ್ಯುಲೇಟರಿನ ತುದಿಯೇ ತಿರುಪಾಗಿ ವಾಲ್ವಿನ ಒಳಹೊಕ್ಕು ಕೂಡುತ್ತದೆ. ಓ-ರಿಂಗ್ ರೆಗ್ಯುಲೇಟರಿಗೆ ಸೇರಿದ್ದು, ಸುತ್ತಲೂ ಲೋಹದಿಂದ ಆವೃತವಾಗಿರುತ್ತದೆ. ವಿಹಾರಕ್ಕೆ ಮುಳುಗುವವರು ಸಾಮಾನ್ಯವಾಗಿ ಬಳಸುವ 11 ಲೀಟರಿನ ಅಲ್ಯೂಮಿನಿಯಂ ಸಿಲಿಂಡರು ತುಂಬಿದಾಗ ಅದರೊಳಗಿನ ಒತ್ತಡ 207 ಬಾರ್, ಅಂದರೆ ಪ್ರತಿ ಚದರ ಸೆಂಟಿಮೀಟರಿನ ಮೇಲೆ 200 ಕಿಲೋಗ್ರಾಮಿಗೂ ಮಿಕ್ಕಿದ ಭಾರ. ಇಂತಹ ಒತ್ತಡದೆದುರು ಒಂದು ರಬ್ಬರಿನ ಬಳೆಯು ನಿಲ್ಲಬೇಕಾದರೆ ಅದಕ್ಕೆ ನಾಲ್ಕು ಕಡೆಯೂ ಆಸರೆಯಿರಬೇಕು. ಯೋಕ್ ಕೂಡಿಕೆಯು ಬಂಡೆಗೋ ದೋಣಿಯ ಅಂಚಿಗೋ ಬಡಿದು ತುಸು ಸರಿಯಿತೆಂದರೆ ಆ ಬಳೆಯು ಹೊರಗೆ ಚಿಮ್ಮಿಬಿಡಬಹುದು. ಡಿನ್‌ನಲ್ಲಿ ಆ ಭಯವು ಬಹಳ ಕಡಿಮೆ. ಹಡಗುಗಳ ಅವಶೇಷಗಳೊಳಗೂ ಜಲಮಗ್ನ ಗುಹೆಗಳೊಳಗೂ ಹೋಗುವವರು ಡಿನ್‌ಗೇ ಅಂಟಿಕೊಂಡಿರುವುದಕ್ಕೆ ಕಾರಣವಿದು.

ಈ ಎರಡು ಪದ್ಧತಿಗಳನ್ನು ಬೆಸೆಯುವುದು ಅಡಾಪ್ಟರಿನ ಕೆಲಸ. ಅದರಲ್ಲಿಯೂ ಎರಡು ಬಗೆಗಳುಂಟು. ಡಿನ್ ರೆಗ್ಯುಲೇಟರಿನ ತುದಿಗೆ ತೊಡಿಸುವ ಯೋಕ್ ಚೌಕಟ್ಟು ಒಂದು. ಇದರಿಂದ ಯಾವ ಯೋಕ್ ವಾಲ್ವಿಗಾದರೂ ಜೋಡಿಸಬಹುದು. ಆದರೆ ರೆಗ್ಯುಲೇಟರು ಕೆಲವು ಸೆಂಟಿಮೀಟರು ಮುಂದಕ್ಕೆ ಚಾಚಿಕೊಂಡು, ತಲೆಯೆತ್ತಿ ನೋಡಿದಾಗ ಹಿಂದಲೆಗೆ ತಾಗುವುದುಂಟು; ಸೋರಬಹುದಾದ ಸಂಧಿಯೂ ಒಂದು ಹೆಚ್ಚುತ್ತದೆ. ಎರಡನೆಯದು, ಡಿನ್ ವಾಲ್ವಿನ ಬಾಯೊಳಗೆ ತಿರುಗಿಸಿ ಕೂರಿಸುವ ಚಿಕ್ಕ ಬಿಲ್ಲೆ. ಅದನ್ನು ಕೂರಿಸಿದರೆ ವಾಲ್ವು ಯೋಕ್ ರೆಗ್ಯುಲೇಟರಿಗೆ ಒಗ್ಗುತ್ತದೆ, ಅಲೆನ್ ಕೀಲಿಯಿಂದ ಬಿಚ್ಚಿದರೆ ಮತ್ತೆ ಡಿನ್ ಆಗುತ್ತದೆ. ವಿಹಾರತಾಣದ ಸಿಲಿಂಡರುಗಳಲ್ಲಿ ಈ ಬಿಲ್ಲೆಯಿದ್ದರೆ, ವಾಲ್ವು ಮುಚ್ಚಿರುವಾಗ ಅದನ್ನು ತೆಗೆಯಿಸಿ ಡಿನ್ ರೆಗ್ಯುಲೇಟರನ್ನು ನೇರವಾಗಿ ಜೋಡಿಸಿಕೊಳ್ಳುವುದೇ ಲೇಸು. ಕೂಡಿಕೆಗಳು ಕಡಿಮೆಯಾದಷ್ಟೂ ಸೋರಿಕೆಯ ದಾರಿಗಳು ಕಡಿಮೆ.

ಇಲ್ಲಿ ಒತ್ತಡದ ಅಂಕವನ್ನು ಮರೆಯಲಾಗದು. ಯೋಕ್ ಕೂಡಿಕೆಯೂ ಆ ಬಿಲ್ಲೆಯೂ 232 ಬಾರಿನ ಆಸುಪಾಸಿನ ಮಿತಿಯೊಳಗಿನವು. 300 ಬಾರಿನ ಡಿನ್ ವಾಲ್ವಿನ ಬಾಯಿ ಹೆಚ್ಚು ಆಳವಾಗಿರುವುದರಿಂದ, ಐದು ಸುತ್ತಿನ ಕಿರಿಯ ತಿರುಪುಳ್ಳ ರೆಗ್ಯುಲೇಟರು ಅದರ ತಳವನ್ನು ಮುಟ್ಟಲಾರದು, ಮುಟ್ಟದೆ ಗಾಳಿಯನ್ನು ಹಿಡಿಯಲಾರದು. ಏಳು ಸುತ್ತಿನ ಹಿರಿಯದಾದರೋ ಎರಡು ವಾಲ್ವುಗಳಿಗೂ ಹೊಂದುತ್ತದೆ. ದುರ್ಬಲವಾದ ಉಪಕರಣವು ಪ್ರಬಲವಾದ ಒತ್ತಡಕ್ಕೆ ಸಿಕ್ಕದಿರಲೆಂದು ಬುದ್ಧಿಪೂರ್ವಕವಾಗಿ ಮಾಡಿದ ಈ ಏರ್ಪಾಡನ್ನು ಕಂಡರೆ ಅದನ್ನು ಯೋಚಿಸಿದವರ ಮೇಲೆ ಗೌರವವುಂಟಾಗುತ್ತದೆ.

ಇದಕ್ಕಿಂತಲೂ ಗಂಭೀರವಾದ ಸಂಗತಿಯೊಂದಿದೆ. ಯುರೋಪಿನಲ್ಲಿ ಆಮ್ಲಜನಕವನ್ನು ಹೆಚ್ಚಿಸಿದ ನೈಟ್ರಾಕ್ಸ್ ಮಿಶ್ರಣಕ್ಕೆಂದು ಎಂ26 ಎಂಬ ಬೇರೆಯೇ ಅಳತೆಯ ತಿರುಪನ್ನು ವಿಧಿಸಿರುವುದು, ಸಾಮಾನ್ಯ ವಾಯುವಿನ ಉಪಕರಣವು ಅದಕ್ಕೆ ತಾಗದಿರಲೆಂದೇ. ಆಮ್ಲಜನಕವು ಅಧಿಕ ಒತ್ತಡದಲ್ಲಿ ಎಣ್ಣೆ ಜಿಡ್ಡಿನ ಲೇಶವನ್ನು ಸೋಂಕಿದರೂ ಬೆಂಕಿ ಹೊತ್ತಬಹುದು. ಈ ಭೇದವನ್ನು ದಾಟಿಸುವ ಅಡಾಪ್ಟರುಗಳು ಮಾರುಕಟ್ಟೆಯಲ್ಲಿ ದೊರೆಯುತ್ತವೆಯಾದರೂ, ರೆಗ್ಯುಲೇಟರೂ ಅಡಾಪ್ಟರೂ ಎರಡೂ ಆಮ್ಲಜನಕಕ್ಕೆ ತಕ್ಕಂತೆ ಶುದ್ಧೀಕರಿಸಲ್ಪಟ್ಟಿವೆಯೆಂಬ ಖಾತ್ರಿಯಿಲ್ಲದೆ ಅವುಗಳನ್ನು ಮುಟ್ಟತಕ್ಕದ್ದಲ್ಲ. ಆಸ್ಪತ್ರೆಯ ಅಥವಾ ವೆಲ್ಡಿಂಗಿನ ಸಿಲಿಂಡರಿಗೆ ಹೇಗೋ ಹೊಂದಿಸಿಕೊಳ್ಳುವ ಸಾಹಸವನ್ನಂತೂ ಯಾರೂ ಕೈಗೊಳ್ಳಬಾರದು.

ಹೊಸದಾಗಿ ರೆಗ್ಯುಲೇಟರ್ ಕೊಳ್ಳುವವರು 300 ಬಾರಿನ ಡಿನ್ ಮಾದರಿಯನ್ನೇ ಆರಿಸಿ, ಅದರ ತಯಾರಕರದೇ ಆದ, ಒತ್ತಡದ ಅಂಕವನ್ನು ಅಚ್ಚೊತ್ತಿದ ಯೋಕ್ ಅಡಾಪ್ಟರೊಂದನ್ನು ಜೊತೆಗಿಟ್ಟುಕೊಳ್ಳುವುದು ಉಚಿತ. ಹೊರಡುವ ಮುನ್ನ ತಾಣದವರನ್ನು ವಿಚಾರಿಸಿ ಅಲ್ಲಿನ ವಾಲ್ವು ಯಾವುದೆಂದು ತಿಳಿದುಕೊಳ್ಳಿರಿ. ಓ-ರಿಂಗುಗಳಲ್ಲಿ ಬಿರುಕಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿರಿ, ಬಿಡಿ ಓ-ರಿಂಗುಗಳನ್ನೂ ಒಯ್ಯಿರಿ. ಜೋಡಿಸಿದ ಮೇಲೆ ವಾಲ್ವನ್ನು ಮೆಲ್ಲಗೆ ತೆರೆದು, ನೀರಿನ ಮೇಲ್ಮೈಯಲ್ಲಿಯೇ ಸಂಗಾತಿಯಿಂದ ಕೂಡಿಕೆಯನ್ನು ಪರೀಕ್ಷಿಸಿಕೊಳ್ಳಿರಿ. ಅಲ್ಲಿ ಗುಳ್ಳೆಗಳು ಏಳುತ್ತಿದ್ದರೆ ಆ ದಿನ ಆ ಅಡಾಪ್ಟರಿನೊಡನೆ ಇಳಿಯಬೇಡಿರಿ.