ಕಿವಿ ಕೇಳಿಸದವರೂ ಕೇಳಿಸುವವರೂ ಒಂದೇ ಬೆಂಚಿನಲ್ಲಿ

‘ಕಿವಿ ಕೇಳಿಸದ ಹುಡುಗಿಗೆ ಡಿಗ್ರಿ ಯಾಕೆ ಸಾರ್? ಹೊಲಿಗೆ ಕಲಿತುಕೊಂಡು ಮನೇಲಿದ್ದರೆ ಆಯ್ತು.’

ಪಿಯುಸಿ ಫಲಿತಾಂಶ ಬಂದ ವಾರಗಳಲ್ಲಿ ತಂದೆತಾಯಿಯರ ಬಾಯಲ್ಲಿ ಈ ಮಾತು ಹೊಸದೇನಲ್ಲ. ಹೀಗೆ ಹೇಳುವವರಿಗೆ ಮಗಳ ಮೇಲೆ ಪ್ರೀತಿ ಕಡಿಮೆ ಎಂದು ತಿಳಿಯಬಾರದು. ಅವರಿಗಿರುವುದು ಭಯ. ಕುಣಿಗಲ್‌ನಿಂದಲೋ ಗುಬ್ಬಿಯಿಂದಲೋ ತುಮಕೂರಿಗೆ ಬಸ್ಸು ಹತ್ತಿ ಹೋಗಬೇಕು. ತರಗತಿಯಲ್ಲಿ ಅರವತ್ತು, ಎಪ್ಪತ್ತು ಮಂದಿ. ಅವರೆಲ್ಲರಿಗೂ ಕಿವಿ ಕೇಳಿಸುತ್ತದೆ, ಇವಳಿಗೆ ಮಾತ್ರ ಇಲ್ಲ. ಪಾಠ ತಲೆಗೆ ಹತ್ತುತ್ತದೆಯೇ? ಯಾರಾದರೂ ಗೇಲಿ ಮಾಡಿದರೆ? ಈ ಪ್ರಶ್ನೆಗಳಿಗೆ ‘ಧೈರ್ಯವಾಗಿ ಕಳಿಸಿ’ ಎಂಬ ಒಂದು ಮಾತಿನ ಉಪದೇಶ ಉತ್ತರವಾಗದು. ಆದರೆ ಹದಿನೆಂಟನೇ ವಯಸ್ಸಿಗೆ ಮನೆಯ ಮೂಲೆ ಸೇರಿದ ಮಗು ಮುಂದೆ ಯಾರ ಆಸರೆಯಲ್ಲಿ ಬದುಕಬೇಕು ಎಂಬುದೂ ಅಷ್ಟೇ ದೊಡ್ಡ ಪ್ರಶ್ನೆ.

ಮೊದಲಿಗೆ ಒಂದು ಮಾತು. ಇಂಥ ಮಕ್ಕಳನ್ನು ‘ಕಿವುಡ-ಮೂಗ’ ಎಂದು ಒಂದೇ ಉಸಿರಿನಲ್ಲಿ ಕರೆಯುವ ಅಭ್ಯಾಸ ನಮ್ಮಲ್ಲಿದೆ. ಇದು ತಪ್ಪು. ಇವರಲ್ಲಿ ಬಹುಪಾಲು ಮಂದಿಯ ಗಂಟಲು, ನಾಲಿಗೆ, ಧ್ವನಿಪೆಟ್ಟಿಗೆ ಎಲ್ಲವೂ ಸರಿಯಾಗಿಯೇ ಇರುತ್ತವೆ. ಮಾತು ಕಿವಿಗೆ ಬೀಳದಿದ್ದುದರಿಂದ ಮಾತು ಬರಲಿಲ್ಲ, ಅಷ್ಟೇ. ಬುದ್ಧಿಗೂ ಇದಕ್ಕೂ ಸಂಬಂಧವಿಲ್ಲ.

ಎಷ್ಟು ಕಿವುಡು?

ಕಾಲೇಜಿನ ಯೋಚನೆಗೆ ಮುನ್ನ ಮಗುವಿನ ಕಿವಿ ನಿಜಕ್ಕೂ ಎಷ್ಟು ಕೇಳಿಸುತ್ತದೆ ಎಂಬುದನ್ನು ಹೊಸದಾಗಿ ಅಳೆಸಬೇಕು. ಐದನೇ ತರಗತಿಯಲ್ಲಿ ಮಾಡಿಸಿದ ಪರೀಕ್ಷೆಯ ಚೀಟಿ ಈಗ ಉಪಯೋಗಕ್ಕೆ ಬಾರದು. ಶಬ್ದವನ್ನು ಅಳೆಯುವುದು ಡೆಸಿಬೆಲ್ ಎಂಬ ಮಾನದಲ್ಲಿ. ಪಿಸುಮಾತು ಸುಮಾರು 30 ಡೆಸಿಬೆಲ್, ಮಾಮೂಲಿ ಮಾತುಕತೆ ಸುಮಾರು 60. ಎರಡೂ ಕಿವಿಗಳಲ್ಲಿ 60ರಿಂದ 70 ಡೆಸಿಬೆಲ್ ನಷ್ಟವಿರುವವರು ಮಂದ ಕಿವಿಯವರು, 70 ಅಥವಾ ಅದಕ್ಕೂ ಹೆಚ್ಚು ನಷ್ಟವಿರುವವರು ಕಿವುಡರು ಎಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೇಳುತ್ತದೆ.

ಹೊರಗಿವಿ, ನಡುಗಿವಿಯ ದೋಷ—ಗುಗ್ಗೆ ಕಟ್ಟುವುದು, ತಮಟೆ ತೂತಾಗಿ ಸೋರುವುದು—ಚಿಕಿತ್ಸೆಗೆ ಬಗ್ಗುವಂಥದ್ದು. ಸೋರುವ ಕಿವಿಗೆ ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಡುವ ಮನೆಮದ್ದನ್ನು ದಯವಿಟ್ಟು ಬಿಡಿ. ಒಳಗಿವಿಯ ನರಕೋಶಗಳೇ ಹಾಳಾಗಿದ್ದರೆ ಮದ್ದಿಲ್ಲ. ಶ್ರವಣ ಸಾಧನವೋ, ಸಣ್ಣ ವಯಸ್ಸಿನಲ್ಲೇ ಮಾಡಿಸಿದ್ದರೆ ಕಾಕ್ಲಿಯರ್ ಇಂಪ್ಲಾಂಟೋ ನೆರವಾಗಬಹುದು. ತುಮಕೂರಿನ ಜಿಲ್ಲಾ ಆಸ್ಪತ್ರೆಯ ಕಿವಿ-ಮೂಗು-ಗಂಟಲು ವಿಭಾಗದಿಂದ ಆರಂಭಿಸಿ. ಹೆಚ್ಚಿನ ತಪಾಸಣೆಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಹುಟ್ಟಿದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ.

ಶ್ರವಣ ಸಾಧನ ಹಾಕಿಕೊಂಡರೆ ಕನ್ನಡಕ ಹಾಕಿಕೊಂಡಂತೆ ಎಲ್ಲವೂ ಸರಿಹೋಗುತ್ತದೆ ಎಂದು ಅನೇಕ ಉಪನ್ಯಾಸಕರೂ ತಿಳಿದಿರುತ್ತಾರೆ. ಹಾಗಲ್ಲ. ಸಾಧನ ಶಬ್ದವನ್ನು ದೊಡ್ಡದು ಮಾಡುತ್ತದೆ. ಸ್ಪಷ್ಟ ಮಾಡುವುದು ಅದರ ಕೈಯಲ್ಲಿ ಪೂರ್ತಿಯಾಗಿಲ್ಲ. ಒಂದೆರಡು ಮೀಟರ್ ದೂರದಲ್ಲಿ ಎದುರಿಗೆ ಕೂತು ಆಡಿದ ಮಾತಿಗೆ ಅದು ಚೆನ್ನಾಗಿ ಕೆಲಸ ಮಾಡೀತು. ಮೇಷ್ಟ್ರು ಹತ್ತು ಹೆಜ್ಜೆ ಆಚೆ, ತಲೆಯ ಮೇಲೆ ಫ್ಯಾನು, ಕಿಟಕಿಯಾಚೆ ಬಸ್ಸು ಲಾರಿ, ಹಿಂದಿನ ಬೆಂಚಿನ ಗುಸುಗುಸು—ಇವೆಲ್ಲವನ್ನೂ ಅದು ಪಾಠದ ಜೊತೆ ಸೇರಿಸಿಯೇ ಕಿವಿಗೆ ತುಂಬುತ್ತದೆ. ಮೇಷ್ಟ್ರ ಕೊರಳಿಗೆ ಪುಟ್ಟ ಮೈಕು ತೂಗುಹಾಕಿ ಧ್ವನಿಯನ್ನು ನೇರವಾಗಿ ಸಾಧನಕ್ಕೆ ಕಳಿಸುವ ಉಪಕರಣಗಳಿವೆ. ಕೊಳ್ಳಲು ಸಾಧ್ಯವಿದ್ದರೆ ಇದಕ್ಕಿಂತ ಒಳ್ಳೆಯ ಖರ್ಚು ಇಲ್ಲ.

ತುಟಿಯ ಮೇಲೆ ಮಳೆಯೂ ಬಳೆಯೂ ಒಂದೇ

‘ತುಟಿ ನೋಡಿ ಅರ್ಥ ಮಾಡಿಕೊಳ್ಳುತ್ತಾಳೆ ಬಿಡಿ’ ಎನ್ನುವವರು ಒಂದು ಪ್ರಯೋಗ ಮಾಡಬಹುದು. ಕನ್ನಡಿಯ ಮುಂದೆ ನಿಂತು ಧ್ವನಿ ಬಿಡದೆ ‘ಮಳೆ’ ಎನ್ನಿ, ಆಮೇಲೆ ‘ಬಳೆ’ ಎನ್ನಿ. ವ್ಯತ್ಯಾಸ ಕಾಣುವುದಿಲ್ಲ. ಪ, ಬ, ಮ ಮೂರಕ್ಕೂ ತುಟಿ ಮುಚ್ಚುವುದು ಒಂದೇ ರೀತಿ. ಕ, ಗ, ಹ ಬಾಯ ಹಿಂಭಾಗದಲ್ಲಿ ಹುಟ್ಟುವುದರಿಂದ ಕಾಣುವುದೇ ಇಲ್ಲ. ‘ಹಣ’, ‘ಕಣ’, ‘ಗಣ’ ಮೂರೂ ಒಂದೇ. ಬಿ.ಕಾಂ. ತರಗತಿಯಲ್ಲಿ ‘ಬಡ್ಡಿ’ ಎಂದರೋ ‘ಪಟ್ಟಿ’ ಎಂದರೋ? ತುಟಿ ಹೇಳುವುದಿಲ್ಲ. ವಿದ್ಯಾರ್ಥಿನಿ ಸಂದರ್ಭದಿಂದ ಊಹಿಸಬೇಕು. ವಿಷಯವೇ ಹೊಸದಾಗಿದ್ದರೆ ಊಹೆಗೆ ಆಧಾರ ಎಲ್ಲಿ?

ಅದರ ಮೇಲೆ ಮೇಷ್ಟ್ರು ಬೋರ್ಡಿನ ಕಡೆ ತಿರುಗಿ ಬರೆಯುತ್ತ ಪಾಠ ಹೇಳಿದರೆ ಅಷ್ಟು ಹೊತ್ತೂ ಅವಳ ಪಾಲಿಗೆ ಪಾಠ ನಿಂತಂತೆ. ದಟ್ಟ ಮೀಸೆ, ಬಾಯಿಗೆ ಅಡ್ಡ ಹಿಡಿದ ಪುಸ್ತಕ, ಕಿಟಕಿಗೆ ಬೆನ್ನು ಮಾಡಿ ನಿಂತಾಗ ಕತ್ತಲಾಗುವ ಮುಖ, ಇವೂ ಅಡ್ಡಿಯೇ. ಮೀಸೆ ಬೋಳಿಸಿ ಎಂದು ಯಾರೂ ಕೇಳುವುದಿಲ್ಲ. ಮೊದಲು ಬರೆದು, ತಿರುಗಿ ನಿಂತು, ಆಮೇಲೆ ಮಾತನಾಡಿದರೆ ಸಾಕು.

ಎಲ್ಲಕ್ಕಿಂತ ದೊಡ್ಡ ಕಷ್ಟ ಇನ್ನೊಂದಿದೆ, ಅದು ಕೇಳುವ ಕಿವಿಯವರಿಗೆ ಹೊಳೆಯುವುದಿಲ್ಲ. ನಾವು ಕಿವಿಯಲ್ಲಿ ಕೇಳುತ್ತ ಕಣ್ಣಿನಲ್ಲಿ ನೋಟ್ ಪುಸ್ತಕ ನೋಡುತ್ತ ಬರೆದುಕೊಳ್ಳುತ್ತೇವೆ. ಅವಳಿಗೆ ಕಣ್ಣೇ ಕಿವಿ. ಬರೆಯಲು ತಲೆ ತಗ್ಗಿಸಿದ ಕ್ಷಣದಲ್ಲಿ ಪಾಠ ತಪ್ಪಿಹೋಯಿತು.

ರಾಚೆಸ್ಟರ್ ಮತ್ತು ಮೈಸೂರು

ಈ ಕಷ್ಟವನ್ನು ಮೊದಲೇ ಎಣಿಸಿ ಕಟ್ಟಿದ ಕಾಲೇಜೊಂದು ಅಮೆರಿಕದ ರಾಚೆಸ್ಟರ್ ನಗರದಲ್ಲಿದೆ. ಕಿವುಡರಿಗಾಗಿಯೇ ಇರುವ ಗ್ಯಾಲೊಡೆಟ್ ಕಾಲೇಜು ಆ ದೇಶದಲ್ಲಿ 1864ರಿಂದಲೂ ಇತ್ತು. ಆದರೆ 1965ರಲ್ಲಿ ಹೊಸ ಕಾನೂನು ಮಾಡಿ, ಕಿವುಡರ ರಾಷ್ಟ್ರೀಯ ತಾಂತ್ರಿಕ ಸಂಸ್ಥೆಯನ್ನು ಬೇರೆ ಕಡೆ ಕಟ್ಟದೆ ಸಾಮಾನ್ಯ ವಿದ್ಯಾರ್ಥಿಗಳಿದ್ದ ತಾಂತ್ರಿಕ ವಿದ್ಯಾಲಯದ ಒಳಗೇ ಇಟ್ಟರು. 1968ರಲ್ಲಿ ಮೊದಲ ತಂಡ ಬಂತು. ಇಂದು ಅಲ್ಲಿ ಸಾವಿರದಷ್ಟು ಕಿವುಡ ವಿದ್ಯಾರ್ಥಿಗಳು ಹಲವು ಸಾವಿರ ಕೇಳುವ ವಿದ್ಯಾರ್ಥಿಗಳ ನಡುವೆ ಓದುತ್ತಾರೆ. ಪಾಠವನ್ನು ಸನ್ನೆಗೆ ತಿರುಗಿಸುವ ದುಭಾಷಿಗಳು ನೂರಕ್ಕೂ ಹೆಚ್ಚಿದ್ದಾರೆ. ಅಷ್ಟು ಹಣ ನಮ್ಮಲ್ಲಿ ಎಲ್ಲಿದೆ ಎಂದು ಕೇಳಬಹುದು, ಸರಿಯೇ. ಆದರೆ ಅವರ ಇನ್ನೊಂದು ಏರ್ಪಾಡು ಅಗ್ಗದ್ದು: ಕೇಳುವ ಸಹಪಾಠಿಯೊಬ್ಬರು ಟಿಪ್ಪಣಿ ಬರೆದು ಕಿವುಡ ವಿದ್ಯಾರ್ಥಿಗೆ ಪ್ರತಿ ಕೊಡುವುದು. ಇದಕ್ಕೆ ಕಾರ್ಬನ್ ಹಾಳೆ ಸಾಕಿತ್ತು, ಈಗ ಮೊಬೈಲಿನ ಒಂದು ಫೋಟೊ ಸಾಕು. ಗುಬ್ಬಿಯ ಪದವಿ ಕಾಲೇಜಿನಲ್ಲಿ ಇದು ನಾಳೆಯಿಂದಲೇ ಆಗಬಹುದಾದ ಕೆಲಸ.

ನಮ್ಮ ರಾಜ್ಯದಲ್ಲೂ ಒಂದು ಮಾದರಿಯಿದೆ. ಮೈಸೂರಿನಲ್ಲಿ ಜೆಎಸ್ಎಸ್ ಮಹಾವಿದ್ಯಾಪೀಠ 1991ರಲ್ಲಿ ಆರಂಭಿಸಿದ ಅಂಗವಿಕಲರ ಪಾಲಿಟೆಕ್ನಿಕ್‌ನಲ್ಲಿ ಕಿವಿ ಕೇಳಿಸದವರೂ, ಕೈಕಾಲಿನ ಊನವಿದ್ದು ಕಿವಿ ಚೆನ್ನಾಗಿರುವವರೂ ಒಂದೇ ಕಡೆ ಡಿಪ್ಲೊಮಾ ಓದುತ್ತಾರೆ. ಕಂಪ್ಯೂಟರ್, ಕಟ್ಟಡ ನಕ್ಷೆ, ಆಭರಣ ವಿನ್ಯಾಸದಂಥ ವಿಷಯಗಳಿವೆ. ಎಸ್ಸೆಸ್ಸೆಲ್ಸಿ ಮುಗಿಸಿ ಕೈಕೆಲಸದಲ್ಲಿ ಒಲವಿರುವ ಮಕ್ಕಳಿಗೆ ಇದು ಪಿಯುಸಿಗಿಂತ ಒಳ್ಳೆಯ ದಾರಿ ಎಂದು ನನಗನಿಸುತ್ತದೆ. ಆದರೆ ಎಲ್ಲರೂ ಮೈಸೂರಿಗೆ ಹೋಗಲಾರರು. ಮನೆಗೆ ಹತ್ತಿರ ಸಿಗುವುದು ಸಾಮಾನ್ಯ ಕಾಲೇಜೇ.

ಸನ್ನೆಯೂ ಭಾಷೆ

ಸನ್ನೆ ಮಾಡಿದರೆ ಮಾತು ಬರುವುದಿಲ್ಲ ಎಂದು ನಂಬಿದ್ದ ಕಾಲವೊಂದಿತ್ತು. 1880ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಸೇರಿದ ಶಿಕ್ಷಕರ ಸಮ್ಮೇಳನ ಶಾಲೆಗಳಿಂದ ಸನ್ನೆ ಭಾಷೆಯನ್ನು ಹೊರಗಟ್ಟುವ ನಿರ್ಣಯ ಮಾಡಿತು. ಅದರ ಪೆಟ್ಟು ಜಗತ್ತಿನ ಕಿವುಡ ಮಕ್ಕಳ ಮೇಲೆ ನೂರು ವರ್ಷ ಬಿತ್ತು. ಸನ್ನೆಗೂ ವ್ಯಾಕರಣವಿದೆ ಎಂಬುದನ್ನು 1960ರಲ್ಲಿ ವಿಲಿಯಂ ಸ್ಟೋಕೊ ಎಂಬ ಅಮೆರಿಕದ ಅಧ್ಯಾಪಕ ತೋರಿಸಿದ. ಭಾರತದ ಸನ್ನೆಗಳನ್ನು 1970ರ ದಶಕದಲ್ಲಿ ಅಧ್ಯಯನ ಮಾಡಿದವರಲ್ಲಿ ಮುಖ್ಯರಾದ ಮದನ್ ವಸಿಷ್ಠ ಸ್ವತಃ ಕಿವುಡರು. ಅವರ ತಂಡ ನೋಡಿದ ನಗರಗಳಲ್ಲಿ ನಮ್ಮ ಬೆಂಗಳೂರೂ ಒಂದು. 2015ರಲ್ಲಿ ದೆಹಲಿಯಲ್ಲಿ ಭಾರತೀಯ ಸನ್ನೆ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರ ಆರಂಭವಾಯಿತು. ಅದರ ನಿಘಂಟು 2021ರ ಹೊತ್ತಿಗೆ 10,000 ಪದಗಳಿಗೆ ಬೆಳೆದಿದೆ. ಮೊಬೈಲಿನಲ್ಲಿ ಯಾರು ಬೇಕಾದರೂ ನೋಡಿ ಕಲಿಯಬಹುದು.

ಉಪನ್ಯಾಸಕರು ಉತ್ತರ ಪತ್ರಿಕೆ ತಿದ್ದುವಾಗ ಇದನ್ನು ನೆನಪಿಡಬೇಕು. ಸನ್ನೆ ಭಾಷೆಯಲ್ಲಿ ನಮ್ಮ ‘ಅನ್ನು, ಇಂದ, ಗೆ’ಗಳಿಲ್ಲ. ‘ಇಲ್ಲ’, ‘ಏನು’ ಎಂಬವು ವಾಕ್ಯದ ಕೊನೆಗೆ ಬರುತ್ತವೆ. ಹುಟ್ಟಿನಿಂದ ಕಿವುಡಿರುವ ವಿದ್ಯಾರ್ಥಿಗೆ ಕನ್ನಡವೇ ಎರಡನೆಯ ಭಾಷೆ ಇದ್ದಂತೆ. ಅವನು ‘ನಾನು ನಾಳೆ ಕಾಲೇಜು ಬರು ಇಲ್ಲ’ ಎಂದು ಬರೆದರೆ ಅದು ದಡ್ಡತನವಲ್ಲ, ಒಂದು ಭಾಷೆಯ ಚೌಕಟ್ಟಿನಲ್ಲಿ ಇನ್ನೊಂದನ್ನು ಬರೆಯುವ ಪ್ರಯತ್ನ. ವಿಷಯ ಗೊತ್ತಿದೆಯೇ ಎಂದು ನೋಡಿ ಅಂಕ ಕೊಡಿ.

ಇನ್ನು ಸ್ನೇಹಿತರ ಮಾತು. ಒಂದೇ ಬೆಂಚಿನಲ್ಲಿ ಕೂರಿಸಿದ ಮಾತ್ರಕ್ಕೆ ಜೊತೆಯಾಗುವುದಿಲ್ಲ. ಕ್ಯಾಂಟೀನಿನಲ್ಲಿ ಎಲ್ಲರೂ ಗೊಳ್ಳೆಂದು ನಗುತ್ತಾರೆ, ಅವಳು ‘ಏನು?’ ಎಂದು ಕಣ್ಣಿನಲ್ಲೇ ಕೇಳುತ್ತಾಳೆ, ಗೆಳತಿ ‘ಏನಿಲ್ಲ, ಆಮೇಲೆ ಹೇಳ್ತೀನಿ’ ಎನ್ನುತ್ತಾಳೆ. ಆ ‘ಆಮೇಲೆ’ ಬರುವುದೇ ಇಲ್ಲ. ದಿನಕ್ಕೆ ಹತ್ತು ಸಲ ಹೀಗಾದರೆ ಯಾರಿಗಾದರೂ ಮನಸ್ಸು ಕುಗ್ಗುತ್ತದೆ. ನಿದ್ದೆ ಬರದಿರುವುದು, ಊಟ ಸೇರದಿರುವುದು, ಕಾಲೇಜಿಗೆ ಹೋಗಲು ನೆಪ ಹೂಡುವುದು ಕಂಡರೆ ‘ಓದಲು ಸೋಮಾರಿತನ’ ಎನ್ನದೆ ಕಾರಣ ವಿಚಾರಿಸಿ. ಇಪ್ಪತ್ತು ಸನ್ನೆ ಕಲಿತ ಒಬ್ಬ ಗೆಳತಿ ಸಿಕ್ಕರೂ ಚಿತ್ರ ಬದಲಾಗುತ್ತದೆ.

ಕಣ್ಣು, ಕಿವಿ, ದಣಿವು

ಸಂಜೆ ಮನೆಗೆ ಬಂದ ಮಗಳು ಸಾಧನ ಕಿತ್ತಿಟ್ಟು ಮಲಗಿಬಿಟ್ಟರೆ ಬೈಯಬೇಡಿ. ಆರು ಗಂಟೆ ಕಾಲ ಅರ್ಧ ಕೇಳಿಸಿದ್ದನ್ನು ಊಹೆಯಿಂದ ತುಂಬಿಸುವುದು ಮೈಮುರಿಯುವ ಕೆಲಸ. ಅರ್ಧ ಗಂಟೆ ಸುಮ್ಮನೆ ಬಿಡಿ.

ಕಣ್ಣನ್ನು ವರ್ಷಕ್ಕೊಮ್ಮೆ ತಪ್ಪದೆ ಪರೀಕ್ಷಿಸಿ. ಹುಟ್ಟು ಕಿವುಡಿರುವ ಕೆಲವರಲ್ಲಿ ಹದಿಹರೆಯದ ಹೊತ್ತಿಗೆ ಅಷರ್ ಸಿಂಡ್ರೋಮ್ ಎಂಬ ಅನುವಂಶೀಯ ಕಾಯಿಲೆಯಿಂದ ಮೊದಲು ಇರುಳುಗಣ್ಣು, ಆಮೇಲೆ ಅಕ್ಕಪಕ್ಕದ ನೋಟ ಕಡಿಮೆಯಾಗುತ್ತ ಹೋಗುತ್ತದೆ. ಸೋದರಮಾವ, ಅತ್ತೆಮಗಳು ಎಂದು ರಕ್ತಸಂಬಂಧದಲ್ಲಿ ಮದುವೆಯಾದ ಮನೆತನಗಳಲ್ಲಿ ಇಂಥ ದೋಷಗಳ ಸಾಧ್ಯತೆ ಹೆಚ್ಚು. ಮುಸ್ಸಂಜೆಯಲ್ಲಿ ಎಡವುವ ಕಿವುಡ ಮಗುವನ್ನು ‘ನೋಡ್ಕೊಂಡು ನಡಿ’ ಎಂದು ಗದರದೆ ನೇತ್ರತಜ್ಞರಿಗೆ ತೋರಿಸಿ.

ಸಾಧನವನ್ನು ಬೆವರು, ತೇವದಿಂದ ಕಾಪಾಡಬೇಕು. ರಾತ್ರಿ ಬಿಚ್ಚಿ, ಒರೆಸಿ, ಸಿಲಿಕಾ ಜೆಲ್ ಪುಡಿಯಿರುವ ಡಬ್ಬಿಯಲ್ಲಿಡುವುದು ಒಳ್ಳೆಯದು. ಕಿವಿಯ ಅಚ್ಚು ಸಡಿಲವಾಗಿ ಕುಯ್ ಎಂದು ಕೂಗಿದರೆ ಹೊಸ ಅಚ್ಚು ಹಾಕಿಸಿ. ಇದ್ದ ಅಲ್ಪಸ್ವಲ್ಪ ಕೇಳುವಿಕೆಯೂ ಇದ್ದಕ್ಕಿದ್ದಂತೆ ಕುಸಿದರೆ ಬ್ಯಾಟರಿ ಬದಲಾಯಿಸಿ ನೋಡಿ. ಸರಿಹೋಗದಿದ್ದರೆ ಅಂದೇ ಅಥವಾ ಮರುದಿನವೇ ವೈದ್ಯರ ಬಳಿ ಹೋಗಿ. ವಾರ ಕಳೆದರೆ ಚಿಕಿತ್ಸೆ ಫಲಿಸುವ ಸಾಧ್ಯತೆ ಕಡಿಮೆಯಾಗುತ್ತದೆ.

ಗುಬ್ಬಿ, ಕುಣಿಗಲ್ ಎರಡಕ್ಕೂ ರೈಲು ಹಳಿಯಿದೆ. ನಿಲ್ದಾಣಕ್ಕೆ ಹತ್ತಿರದ ದಾರಿಯೆಂದು ಹಳಿಯ ಮೇಲೆ ನಡೆಯುವ ಅಭ್ಯಾಸ ಕಿವಿ ಕೇಳಿಸದವರಿಗೆ ಪ್ರಾಣಾಪಾಯ. ಇದನ್ನು ಮೊದಲ ದಿನವೇ ಕಟ್ಟುನಿಟ್ಟಾಗಿ ಹೇಳಿ.

ಕಾಗದಪತ್ರ

ಶೇ 40 ಅಥವಾ ಹೆಚ್ಚು ಅಂಗವೈಕಲ್ಯವೆಂಬ ಪ್ರಮಾಣಪತ್ರ ಮತ್ತು ಯುಡಿಐಡಿ ಕಾರ್ಡು ಕೈಯಲ್ಲಿರಲಿ. ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯು ಕಾರ್ಯಕರ್ತರು ಅರ್ಜಿಗೆ ನೆರವಾಗುತ್ತಾರೆ. ಸರ್ಕಾರಿ ಮತ್ತು ಅನುದಾನಿತ ಕಾಲೇಜುಗಳಲ್ಲಿ ಇವರಿಗೆ ಶೇ 5ಕ್ಕೆ ಕಡಿಮೆಯಿಲ್ಲದಂತೆ ಸೀಟು ಮೀಸಲಿಡಬೇಕು, ವಯೋಮಿತಿಯಲ್ಲಿ 5 ವರ್ಷ ಸಡಿಲಿಕೆ ಕೊಡಬೇಕು ಎಂದು 2016ರ ಕಾಯ್ದೆ ಹೇಳುತ್ತದೆ. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಎರಡನೆಯ ಮತ್ತು ಮೂರನೆಯ ಭಾಷೆಯಿಂದ ವಿನಾಯಿತಿಯ ಮಾತೂ ಅದರಲ್ಲಿದೆ. ಭಾಷೆಯ ವಿನಾಯಿತಿಯನ್ನು ಮಾತ್ರ ಯೋಚಿಸಿ ತೆಗೆದುಕೊಳ್ಳಿ. ಹೊರೆ ಇಳಿಯುತ್ತದೆ ನಿಜ, ಆದರೆ ಮುಂದೆ ಕಂಪ್ಯೂಟರ್ ಕೆಲಸಕ್ಕೆ ಹೋಗುವ ಮಗುವಿಗೆ ಓದಿ ತಿಳಿಯುವಷ್ಟು ಇಂಗ್ಲಿಷ್ ಬೇಕೇ ಬೇಕು. ಬಸ್ಸಿನ ಖರ್ಚಿನ ಚಿಂತೆ ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಇಲ್ಲ.

ಮೊಬೈಲಿನಲ್ಲಿ ಮಾತನ್ನು ಆಗಿಂದಾಗಲೇ ಕನ್ನಡ ಅಕ್ಷರಕ್ಕೆ ಇಳಿಸುವ ಸೌಲಭ್ಯಗಳೂ ಬಂದಿವೆ. ಗದ್ದಲದಲ್ಲಿ, ಪಾರಿಭಾಷಿಕ ಪದಗಳಲ್ಲಿ ಅವು ತಪ್ಪುತ್ತವೆ. ಪಾಠಕ್ಕೆ ಪೂರ್ತಿ ನಂಬಬೇಡಿ, ಮೇಷ್ಟ್ರ ಜೊತೆ ನಾಲ್ಕು ಮಾತಿಗೆ ಸಾಕು.

ಕಾಲೇಜು ಸೇರಿದ ಮೊದಲ ವಾರದಲ್ಲೇ ಪ್ರಾಂಶುಪಾಲರನ್ನು ಕಂಡು, ಬೆಳಕು ಬೀಳುವ ಕಡೆ ಎರಡನೆಯ ಸಾಲಿನಲ್ಲಿ ಜಾಗ, ಟಿಪ್ಪಣಿ ಕೊಡುವ ಸಹಪಾಠಿ, ಇವೆರಡನ್ನು ಕೇಳಿ. ಮೂರನೆಯದೊಂದು ಇದೆ, ಇದನ್ನು ಬರವಣಿಗೆಯಲ್ಲೇ ಕೊಡಿ. ಪರೀಕ್ಷಾ ಕೊಠಡಿಯಲ್ಲಿ ‘ಏಳನೆಯ ಪ್ರಶ್ನೆಯಲ್ಲಿ ಅಚ್ಚಿನ ತಪ್ಪಿದೆ, ಹೀಗೆ ತಿದ್ದಿಕೊಳ್ಳಿ’ ಎಂದು ಮೇಲ್ವಿಚಾರಕರು ಬಾಗಿಲಲ್ಲಿ ನಿಂತು ಕೂಗಿ ಮುಂದಿನ ಕೊಠಡಿಗೆ ಹೋಗಿಬಿಡುತ್ತಾರೆ. ಎಲ್ಲರೂ ತಿದ್ದಿಕೊಳ್ಳುತ್ತಾರೆ, ತಲೆ ತಗ್ಗಿಸಿ ಬರೆಯುತ್ತಿರುವ ಒಬ್ಬಳನ್ನು ಬಿಟ್ಟು. ಆ ಸೂಚನೆಯನ್ನು ಬೋರ್ಡಿನ ಮೇಲೆ ಬರೆದು, ಅವಳ ಡೆಸ್ಕಿನ ಬಳಿ ಬಂದು ತೋರಿಸಬೇಕು.