ಮೊಣಕಾಲು ಕೀಲು ಬದಲಾವಣೆಯ ನಂತರ ಹೊಲದ ಕೆಲಸಕ್ಕೆ ಮರಳುವುದು ಯಾವಾಗ?

ಎರೆ ಭೂಮಿಯಲ್ಲಿ ದುಡಿಯುವ ನಮ್ಮ ಭಾಗದ ರೈತರಲ್ಲಿ, ಅದರಲ್ಲಿಯೂ ರೈತ ಮಹಿಳೆಯರಲ್ಲಿ, ಐವತ್ತು ದಾಟಿದ ಮೇಲೆ ಮೊಣಕಾಲು ನೋವು ಸಾಮಾನ್ಯವಾಗಿ ಕಂಡುಬರುತ್ತದೆ. ವರ್ಷಗಟ್ಟಲೆ ಕುಕ್ಕರಗಾಲಲ್ಲಿ ಕುಳಿತು ಕಳೆ ತೆಗೆಯುವುದು, ಭಾರ ಹೊತ್ತು ನಡೆಯುವುದು ಕೀಲಿನ ಸವೆತಕ್ಕೆ ಕಾರಣವಾಗುತ್ತವೆ. ಔಷಧ, ವ್ಯಾಯಾಮ ಹಾಗೂ ತೂಕ ಇಳಿಸುವುದರಿಂದ ಗುಣ ಕಾಣದಿದ್ದಾಗ ವೈದ್ಯರು ಕೀಲು ಬದಲಾವಣೆಯನ್ನು ಸೂಚಿಸುತ್ತಾರೆ. ಈ ಶಸ್ತ್ರಚಿಕಿತ್ಸೆಯು ಈಗ ಹುಬ್ಬಳ್ಳಿ-ಧಾರವಾಡದಲ್ಲಿಯೇ ದೊರೆಯುತ್ತದೆ.

ಶಸ್ತ್ರಚಿಕಿತ್ಸೆ ಬೇಕೇ ಬೇಡವೇ ಎಂಬುದನ್ನು ವೈದ್ಯರೇ ಹೇಳಬೇಕು. ಆದರೆ "ಹೊಲಕ್ಕ ಯಾವಾಗ ಹೋಗ್ಲಿರಿ?" ಎಂಬ ಪ್ರಶ್ನೆಗೆ ಸರಿಯಾದ ಉತ್ತರ ಸಿಗಬೇಕಾದರೆ ಕೆಲಸದ ಸ್ವರೂಪವೂ ತಿಳಿದಿರಬೇಕು. ಕುಳಿತು ಮಾಡುವ ಕೆಲಸಕ್ಕೆ ನಾಲ್ಕರಿಂದ ಆರು ವಾರ, ಭಾರದ ಕೆಲಸಕ್ಕೆ ಮೂರು ತಿಂಗಳು ಅಥವಾ ಹೆಚ್ಚು ಎಂಬುದು ಸಾಮಾನ್ಯ ಲೆಕ್ಕ. ಎಡೆ ಹೊಡೆಯುವುದು ಹಗುರವೋ ಭಾರವೋ? ಹಾಲು ಹಿಂಡುವುದು ಯಾವ ಲೆಕ್ಕಕ್ಕೆ ಸೇರುತ್ತದೆ? ರೈತರು ವೈದ್ಯರಿಗೆ "ಹೊಲದ ಕೆಲಸ" ಎಂದಷ್ಟೇ ಹೇಳಿ ಬರುತ್ತಾರೆ. ಆ ಒಂದು ಮಾತಿನಲ್ಲಿ ಇಪ್ಪತ್ತು ಬಗೆಯ ಕೆಲಸಗಳು ಅಡಗಿವೆ. ಅವುಗಳನ್ನು ಬಿಡಿಸಿ ನೋಡುವುದೇ ಈ ಲೇಖನದ ಉದ್ದೇಶ.

ಹೊಸ ಕೀಲು ಎಂದರೇನು?

ಸವೆದ ಎಲುಬಿನ ತುದಿಗಳನ್ನು ತೆಳುವಾಗಿ ಕತ್ತರಿಸಿ, ತೊಡೆಯ ಎಲುಬಿಗೆ ಲೋಹದ ಹೊದಿಕೆ, ಕೆಳಗಿನ ಎಲುಬಿಗೆ ಲೋಹದ ತಟ್ಟೆ, ಇವೆರಡರ ನಡುವೆ ಗಟ್ಟಿ ಪಾಲಿಎಥಿಲೀನ್ ಪದರು ಕೂಡಿಸುತ್ತಾರೆ. ಇಂದಿನ ಕೀಲುಗಳಿಗೆ ಮಾದರಿಯಾದ ವಿನ್ಯಾಸವು 1974ರ ಸುಮಾರಿಗೆ ನ್ಯೂಯಾರ್ಕಿನಲ್ಲಿ ಬಳಕೆಗೆ ಬಂದಿತು. ಸಿಮೆಂಟಿನಿಂದ ಕೂಡಿಸಿದ ಕೀಲು ಮೊದಲ ದಿನದಿಂದಲೇ ಮೈಭಾರ ಹೊರಬಲ್ಲದು. ಆದ್ದರಿಂದಲೇ ಮರುದಿನವೇ ವಾಕರ್ ಹಿಡಿಸಿ ನಡೆಸುತ್ತಾರೆ.

ಇಲ್ಲಿಯೇ ಅನೇಕರಿಗೆ ತಪ್ಪು ಕಲ್ಪನೆ ಮೂಡುತ್ತದೆ. ಕೀಲು ಭಾರ ತಡೆದರೂ ತೊಡೆಯ ಮುಂಭಾಗದ ಸ್ನಾಯು ತಡೆಯುವುದಿಲ್ಲ. ಶಸ್ತ್ರಚಿಕಿತ್ಸೆಯ ನಂತರದ ಮೊದಲ ತಿಂಗಳಲ್ಲಿ ಆ ಸ್ನಾಯು ತನ್ನ ಬಲದ ಸುಮಾರು ಅರ್ಧವನ್ನು ಕಳೆದುಕೊಂಡಿರುತ್ತದೆ. ನೋವು ಇಳಿಯಿತೆಂದು ಹೊಲಕ್ಕೆ ಹೋದವರು ಹೆಂಟೆಗಳ ಮೇಲೆ ಎಡವಿ ಬೀಳುವುದು ಇದರಿಂದಲೇ. ಆ ಬಲವನ್ನು ಮರಳಿ ತರುವುದು ನಿತ್ಯದ ವ್ಯಾಯಾಮ ಮಾತ್ರ. ಸುಧಾರಣೆಯು ಒಂದು ವರ್ಷದವರೆಗೂ ಮುಂದುವರಿಯುತ್ತದೆ.

ಕಾಲು ಎಷ್ಟು ಮಡಚುತ್ತದೆ?

ಸಮ ನೆಲದಲ್ಲಿ ನಡೆಯಲು ಮೊಣಕಾಲು ಸುಮಾರು 60ರಿಂದ 70 ಡಿಗ್ರಿ ಮಡಚಿದರೆ ಸಾಕು. ಮೆಟ್ಟಿಲು ಹತ್ತಿಳಿಯಲು 80ರಿಂದ 100, ಕುರ್ಚಿಯಿಂದ ಏಳಲು 90ರಿಂದ 105 ಡಿಗ್ರಿ ಬೇಕು. ಕುಕ್ಕರಗಾಲಲ್ಲಿ ಕೂಡ್ರಲು 130 ಡಿಗ್ರಿಗಿಂತ ಹೆಚ್ಚು ಬೇಕಾಗುತ್ತದೆ. ಹೊಸ ಕೀಲು ಸಾಮಾನ್ಯವಾಗಿ 110ರಿಂದ 120 ಡಿಗ್ರಿಯವರೆಗೆ ಮಡಚುತ್ತದೆ. ಆದ್ದರಿಂದ ಹೆಚ್ಚಿನವರಿಗೆ ನಿಂತು, ನಡೆದು, ಎತ್ತರದ ಮೇಲೆ ಕುಳಿತು ಮಾಡುವ ಕೆಲಸಗಳು ಮರಳಿ ಸಾಧ್ಯ. ಕುಕ್ಕರಗಾಲಿನ ಕೆಲಸವನ್ನು ಬಿಡಬೇಕು.

ಕೆಲಸದ ಲೆಕ್ಕ

ನಡಿಗೆಯ ದೂರವನ್ನೂ ಲೆಕ್ಕ ಹಾಕಬೇಕು. ಒಂದು ಎಕರೆ ಎಂದರೆ 4,047 ಚದರ ಮೀಟರು. 20 ಸೆಂಟಿಮೀಟರು ಅಗಲದ ಸಾಲು ಬಿಡುತ್ತ ರಂಟೆ ಹೊಡೆದರೆ ಎಕರೆಗೆ ಸುಮಾರು 20 ಕಿಲೊಮೀಟರು ನಡೆಯಬೇಕಾಗುತ್ತದೆ. ಇದು ಹುಬ್ಬಳ್ಳಿಯಿಂದ ಧಾರವಾಡಕ್ಕೆ ನಡೆದು ಬಂದಂತೆ! 90 ಸೆಂಟಿಮೀಟರು ಅಗಲದ ಕುಂಟೆಯಾದರೆ ಸುಮಾರು ನಾಲ್ಕೂವರೆ ಕಿಲೊಮೀಟರು. ಬೆನ್ನಿಗೆ ಕಟ್ಟುವ 16 ಲೀಟರಿನ ಸಿಂಪರಣಾ ಯಂತ್ರ ತುಂಬಿದಾಗ ನೀರೇ 16 ಕಿಲೊ; ಯಂತ್ರದ ತೂಕ ಬೇರೆ. ಯೂರಿಯಾ ಚೀಲ 45 ಕಿಲೊ. ಈ ಅಂಕಿಗಳನ್ನು ವೈದ್ಯರಿಗೆ ಹೇಳಿದರೆ ಅವರ ಸಲಹೆಯೂ ಖಚಿತವಾಗಿರುತ್ತದೆ.

ಒಂದು ಕಾಲಿಗೆ ಶಸ್ತ್ರಚಿಕಿತ್ಸೆಯಾಗಿ, ತೊಡಕಿಲ್ಲದೆ ಗುಣ ಹೊಂದುತ್ತಿರುವವರಿಗೆ ಸ್ಥೂಲವಾಗಿ ಕೆಳಗಿನ ಕ್ರಮ ಹೊಂದುತ್ತದೆ. ಎರಡೂ ಕಾಲಿಗೆ ಆಗಿದ್ದರೆ ಇನ್ನೂ ಹೆಚ್ಚು ಕಾಲ ಬೇಕು.

1. ಮೊದಲ ಎರಡು ವಾರ: ಗಾಯ ಮಾಯುವ ಕಾಲ. ಮನೆಯೊಳಗೆ ನಡಿಗೆ ಮತ್ತು ವ್ಯಾಯಾಮ ಮಾತ್ರ. ದನದ ಕೊಟ್ಟಿಗೆ, ಸಗಣಿ, ಗೊಬ್ಬರದ ಹತ್ತಿರ ಹೋಗಬಾರದು.

2. ಎರಡರಿಂದ ಆರು ವಾರ: ಕುರ್ಚಿಯಲ್ಲಿ ಕುಳಿತು ಮಾಡುವ ಕೆಲಸ. ಮೇಜಿನ ಮೇಲೆ ಬೀಜ ಆರಿಸುವುದು, ಲೆಕ್ಕಪತ್ರ ಬರೆಯುವುದು. ನಡುನಡುವೆ ಎದ್ದು ನಡೆಯಬೇಕು.

3. ಆರರಿಂದ ಹನ್ನೆರಡು ವಾರ: ಗಟ್ಟಿ ದಾರಿಯಲ್ಲಿ ಹೊಲದವರೆಗೆ ಹೋಗಿ ನೋಡಿ ಬರುವುದು, ಹಗಲಿನಲ್ಲಿ ಪಂಪು ಚಾಲೂ ಮಾಡುವುದು. ಹಸಿ ಎರೆ ಮಣ್ಣಿನಲ್ಲಿ ಮತ್ತು ಕಿರಿದಾದ ಬದುವಿನ ಮೇಲೆ ನಡೆಯಬಾರದು. ವಾಹನ ನಡೆಸಲು ಸಾಮಾನ್ಯವಾಗಿ ಆರು ವಾರಗಳ ನಂತರ ಒಪ್ಪಿಗೆ ಸಿಗುತ್ತದೆ. ಟ್ರ್ಯಾಕ್ಟರಿಗೆ ಇದಕ್ಕಿಂತ ಹೆಚ್ಚು ಕಾಯಬೇಕು. ಬಲಗಾಲು ಬ್ರೇಕನ್ನೂ ಎಡಗಾಲು ಕ್ಲಚ್ಚನ್ನೂ ತಟ್ಟನೆ ಒತ್ತುವಂತಿರಬೇಕು. ನಿದ್ದೆ ತರುವ ಮಾತ್ರೆ ತೆಗೆದುಕೊಳ್ಳುತ್ತಿರುವಾಗ ಯಾವ ವಾಹನವನ್ನೂ ನಡೆಸಬಾರದು.

4. ಮೂರು ತಿಂಗಳ ನಂತರ: ಸಾಧು ಆಕಳಾದರೆ ಎತ್ತರದ ಮಣೆಯ ಮೇಲೆ ಕುಳಿತು ಹಾಲು ಹಿಂಡುವುದು, ಒಣ ನೆಲದಲ್ಲಿ ಎಡೆ ಹೊಡೆಯುವುದು, ಅರ್ಧ ತುಂಬಿದ ಯಂತ್ರದಿಂದ ಸಿಂಪರಣೆ. ಮೊದಲ ದಿನ ಅರ್ಧ ತಾಸು ಮಾತ್ರ ಮಾಡಿ, ಕಾಲು ಒಗ್ಗಿದಂತೆ ಹೆಚ್ಚಿಸಬೇಕು.

5. ಬಿಡಬೇಕಾದವು: ಕುಕ್ಕರಗಾಲಲ್ಲಿ ಕಳೆ ತೆಗೆಯುವುದು, ಚೀಲ ಹೊರುವುದು, ಟ್ರ್ಯಾಕ್ಟರು ಅಥವಾ ಬಂಡಿಯಿಂದ ಜಿಗಿಯುವುದು, ಹಾಯುವ ದನ ಹಿಡಿಯುವುದು.

ಹದ ನೋಡಿ ಬಿತ್ತಿದಂತೆ

ಪಂಚಾಂಗದಲ್ಲಿ ಮೃಗಶಿರಾ ಮಳೆ ಬಂದ ಮಾತ್ರಕ್ಕೆ ಯಾರೂ ಕೂರಿಗೆ ಹೂಡುವುದಿಲ್ಲ. ಮಣ್ಣನ್ನು ಹಿಡಿದು ಹದ ನೋಡುತ್ತಾರೆ. ಕಾಲಿಗೂ ಇದೇ ನಿಯಮ ಅನ್ವಯಿಸುತ್ತದೆ. ವಾರಗಳ ಲೆಕ್ಕ ಕೇವಲ ಪಂಚಾಂಗ. ಹದವನ್ನು ಹೀಗೆ ಪರೀಕ್ಷಿಸಿಕೊಳ್ಳಬಹುದು:

ಅ) ಕೋಲಿಲ್ಲದೆ, ಕುಂಟದೆ ಅರ್ಧ ತಾಸು ನಡೆಯಲು ಬರಬೇಕು.
ಆ) ಕೈ ಊರದೆ ಕುರ್ಚಿಯಿಂದ ಏಳಲು ಬರಬೇಕು.
ಇ) ಒಂದಾದ ಮೇಲೊಂದು ಕಾಲಿಟ್ಟು ಮೆಟ್ಟಿಲು ಹತ್ತಿ ಇಳಿಯಲು ಬರಬೇಕು.
ಈ) ಕೆಲಸದಿಂದ ಬಂದ ಬಾವು ಮತ್ತು ನೋವು ಮರುದಿನ ಬೆಳಗಿನ ಹೊತ್ತಿಗೆ ಇಳಿದಿರಬೇಕು. ಇಳಿಯದಿದ್ದರೆ ಹಿಂದಿನ ದಿನದ ಕೆಲಸ ಹೆಚ್ಚಾಯಿತೆಂದು ತಿಳಿದು ಅರ್ಧಕ್ಕೆ ಇಳಿಸಬೇಕು.

ನೋವಿನ ಮಾತ್ರೆ ನುಂಗಿ ಈ ಪರೀಕ್ಷೆ ಮಾಡಿಕೊಳ್ಳಬಾರದು. ಮಾತ್ರೆಯು ನೋವನ್ನು ಮುಚ್ಚುತ್ತದೆಯೇ ಹೊರತು ಬಲ ಕೊಡುವುದಿಲ್ಲ. ಪರೀಕ್ಷೆಯಲ್ಲಿ ತೇರ್ಗಡೆಯಾದರೂ ವೈದ್ಯರ ಒಪ್ಪಿಗೆ ಪಡೆದೇ ಕೆಲಸ ಆರಂಭಿಸಬೇಕು.

ಶಸ್ತ್ರಚಿಕಿತ್ಸೆಗೆ ಯಾವ ತಿಂಗಳು ಒಳ್ಳೆಯದು?

ಇದು ತುರ್ತು ಶಸ್ತ್ರಚಿಕಿತ್ಸೆಯಲ್ಲವಾದ್ದರಿಂದ ಸಾಮಾನ್ಯವಾಗಿ ದಿನವನ್ನು ಆರಿಸಿಕೊಳ್ಳಲು ಅವಕಾಶವಿರುತ್ತದೆ. ಮಳೆಯಾಶ್ರಿತ ಬೇಸಾಯದಲ್ಲಿ ಹೆಸರು, ಸೋಯಾ ಅವರೆ, ಗೋವಿನಜೋಳಗಳ ಬಿತ್ತನೆ ಜೂನ್ ತಿಂಗಳಲ್ಲಿ ಬರುತ್ತದೆ. ಅಲ್ಲಿಂದ ಮೂರು ತಿಂಗಳು ಹಿಂದಕ್ಕೆ ಎಣಿಸಿದರೆ ಕಡಲೆ, ಜೋಳದ ಸುಗ್ಗಿ ಮುಗಿಯುವ ಫೆಬ್ರುವರಿ ಕೊನೆ ಅಥವಾ ಮಾರ್ಚ್ ಮೊದಲ ವಾರ ಅನುಕೂಲ. ಅದು ತಪ್ಪಿದರೆ ಹಿಂಗಾರಿ ಬಿತ್ತನೆ ಮುಗಿದ ನಂತರದ ನವೆಂಬರ್ ಮೊದಲ ವಾರ ಎರಡನೆಯ ಅವಕಾಶ. ಎರೆ ಭೂಮಿಯಲ್ಲಿ ಉಳಿದ ತೇವಾಂಶದ ಮೇಲೆ ಬೆಳೆಯುವ ಕಡಲೆಗೆ ನಡುವೆ ಕೆಲಸ ಕಡಿಮೆ. ಮೇ ತಿಂಗಳು ಎಲ್ಲಕ್ಕಿಂತ ಕೆಟ್ಟದ್ದು. ಐದಾರು ವಾರದ ಕಾಲನ್ನು ಬಿತ್ತನೆಯ ಕೆಸರಿಗೆ ಇಳಿಸಿದಂತಾಗುತ್ತದೆ.

ಆ ಹಂಗಾಮಿನ ಕೆಲಸಕ್ಕೆ ಶಸ್ತ್ರಚಿಕಿತ್ಸೆಗೆ ಮೊದಲೇ ಏರ್ಪಾಡು ಮಾಡಿಡಬೇಕು. ಕೃಷಿ ಯಂತ್ರಧಾರೆ ಕೇಂದ್ರದಿಂದ ಯಂತ್ರ ಬಾಡಿಗೆಗೆ ಪಡೆಯುವುದು, ಮುಯ್ಯಾಳು ಗೊತ್ತು ಮಾಡುವುದು, ಅಥವಾ ಒಂದು ವರ್ಷದ ಮಟ್ಟಿಗೆ ಅರ್ಧ ಹೊಲ ಪಾಲಿಗೆ ಕೊಡುವುದನ್ನು ಯೋಚಿಸಬಹುದು. ಒಂದು ಹಂಗಾಮಿನ ಆದಾಯ ಕಡಿಮೆಯಾದರೆ ಮುಂದಿನ ಹಂಗಾಮಿನಲ್ಲಿ ತುಂಬಿಕೊಳ್ಳಬಹುದು. ಕೀಲು ಕೆಟ್ಟರೆ ಮರುಶಸ್ತ್ರಚಿಕಿತ್ಸೆ ಮೊದಲಿನದಕ್ಕಿಂತ ಕಠಿಣ ಮತ್ತು ದುಬಾರಿ. 2019ರಲ್ಲಿ ಪ್ರಕಟವಾದ ವಿದೇಶಗಳ ದಾಖಲೆಗಳ ಅಧ್ಯಯನದಂತೆ ನೂರರಲ್ಲಿ ಸುಮಾರು 82 ಕೀಲುಗಳು 25 ವರ್ಷ ಬಾಳುತ್ತವೆ. ಆದರೆ ಐವತ್ತರ ಆಸುಪಾಸಿನಲ್ಲಿಯೇ ಮಾಡಿಸಿಕೊಂಡ ಗಂಡಸರಿಗೆ ಮರುಶಸ್ತ್ರಚಿಕಿತ್ಸೆಯ ಸಂಭವ ಹೆಚ್ಚೆಂದು ಬ್ರಿಟನ್ನಿನ ಅಧ್ಯಯನ ತೋರಿಸಿದೆ. ಬಹಳ ವರ್ಷ ದುಡಿಯಬೇಕಾದವರು ಇದನ್ನು ವೈದ್ಯರೊಡನೆ ಚರ್ಚಿಸಬೇಕು.

ಮನೆಯೂ ಕೆಲಸದ ಸ್ಥಳವೇ

ಗಂಡಸು ಮೂರು ತಿಂಗಳು ಹೊಲಕ್ಕೆ ಹೋಗದಿದ್ದರೆ ಮನೆಯವರು ಒಪ್ಪುತ್ತಾರೆ. ಹೆಣ್ಣುಮಗಳು ಆಸ್ಪತ್ರೆಯಿಂದ ಬಂದ ವಾರಕ್ಕೇ ಒಲೆಯ ಮುಂದೆ ಕೂಡ್ರಬೇಕಾದ ಪ್ರಸಂಗ ಇನ್ನೂ ಇದೆ. ನೆಲದ ಮೇಲೆ ಕುಳಿತು ರೊಟ್ಟಿ ಬಡಿಯುವುದು, ಕೊಡ ಹೊರುವುದು, ನೆಲ ಸಾರಿಸುವುದು ಕಳೆ ತೆಗೆಯುವಷ್ಟೇ ಭಾರದ ಕೆಲಸಗಳು. ಶಸ್ತ್ರಚಿಕಿತ್ಸೆಗೆ ಮೊದಲೇ ಒಲೆಯನ್ನು ಕಟ್ಟೆಯ ಮೇಲಕ್ಕೆ ಏರಿಸಬೇಕು. ಕುರ್ಚಿಯಂತೆ ಕೂಡ್ರುವ ಶೌಚದ ವ್ಯವಸ್ಥೆ ಮಾಡಬೇಕು. ನೀರು ತರುವವರು ಯಾರೆಂದು ನಿಶ್ಚಯಿಸಿಡಬೇಕು. ಹೊಲದಲ್ಲಿ ಕುರ್ಚಿಗೆ ಬದಲಾಗಿ ಉದ್ದ ಹಿಡಿಕೆಯ ಕಳೆ ಕೀಳುವ ಸಾಧನ ಅಥವಾ ಸೈಕಲ್ ಎಡೆಕುಂಟೆ ಬಳಸಿದರೆ ನಿಂತೇ ಕಳೆ ತೆಗೆಯಬಹುದು. ವಿಸ್ತರಣಾ ಕಾರ್ಯಕರ್ತರು ಈ ಸಾಧನಗಳ ಪ್ರಾತ್ಯಕ್ಷಿಕೆಯನ್ನು ಮಹಿಳಾ ಸಂಘಗಳಲ್ಲಿ ಏರ್ಪಡಿಸುವುದು ಉಪಯುಕ್ತ.

ಅಪಾಯದ ಲಕ್ಷಣಗಳು

ಮೀನಖಂಡದಲ್ಲಿ ನೋವು ಮತ್ತು ಬಾವು ಕಂಡರೆ ರಕ್ತ ಹೆಪ್ಪುಗಟ್ಟಿರುವ ಸಂಶಯವಿರುತ್ತದೆ. ಜ್ವರ, ಗಾಯದಿಂದ ಕೀವು ಅಥವಾ ನೀರು ಸೋರುವುದು, ಹೆಚ್ಚುತ್ತಿರುವ ಕೆಂಪು ಸೋಂಕಿನ ಲಕ್ಷಣಗಳು. ಇವು ಕಂಡ ದಿನವೇ ವೈದ್ಯರಿಗೆ ತೋರಿಸಬೇಕು. ಒಮ್ಮೆಲೇ ಉಸಿರುಗಟ್ಟಿದರೆ ಅಥವಾ ಎದೆ ನೋವು ಬಂದರೆ ತಕ್ಷಣ 108 ವಾಹನ ಕರೆಯಬೇಕು. ಸಕ್ಕರೆ ಕಾಯಿಲೆ ಇದ್ದವರು ಅದನ್ನು ಹತೋಟಿಯಲ್ಲಿಡಬೇಕು.

ಖರ್ಚಿನ ವಿಚಾರ

ಕೀಲಿನ ಬೆಲೆಗೆ ಕೇಂದ್ರ ಸರ್ಕಾರವು 2017ರ ಆಗಸ್ಟ್‌ನಲ್ಲಿ ಮಿತಿ ಹಾಕಿತು. ಹೆಚ್ಚು ಬಳಕೆಯ ಕೋಬಾಲ್ಟ್-ಕ್ರೋಮಿಯಂ ಕೀಲಿಗೆ ಆಗ ನಿಗದಿಯಾದ ಬೆಲೆ ತೆರಿಗೆ ಬಿಟ್ಟು ರೂ. 54,720. ಈಗಿನ ಮಿತಿಯನ್ನು ಕೇಳಿ ತಿಳಿದುಕೊಂಡು, ಬಿಲ್ಲಿನಲ್ಲಿ ಕೀಲಿನ ಬೆಲೆಯನ್ನು ಬೇರೆಯಾಗಿ ತೋರಿಸಲು ಕೇಳಬೇಕು. ಹುಬ್ಬಳ್ಳಿಯಲ್ಲಿ ಜನರು ಕಿಮ್ಸ್ ಎಂದೇ ಕರೆಯುವ, 1957ರಲ್ಲಿ ಆರಂಭವಾದ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ವಿಚಾರಿಸಬಹುದು. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯ ಸೌಲಭ್ಯ ತಮಗೆ ಅನ್ವಯಿಸುತ್ತದೆಯೇ ಎಂಬುದನ್ನು ಪಡಿತರ ಚೀಟಿ, ಆಧಾರ್ ಸಮೇತ ಹೋಗಿ ಮೊದಲೇ ಕೇಳಿಕೊಳ್ಳಬೇಕು. ಮರುತಪಾಸಣೆಗೆ ಅವಳಿ ನಗರದೊಳಗೆ ಓಡಾಡಲು ಚಿಗರಿ ಬಸ್ಸು ಅನುಕೂಲ. ಅದರ ನೆಲ ನಿಲ್ದಾಣದ ಕಟ್ಟೆಗೆ ಸಮವಾಗಿರುವುದರಿಂದ ಎತ್ತರದ ಮೆಟ್ಟಿಲು ಹತ್ತಬೇಕಾಗಿಲ್ಲ.

ಒಟ್ಟಿನಲ್ಲಿ, ಶಸ್ತ್ರಚಿಕಿತ್ಸೆಗೆ ಹೋಗುವ ಮೊದಲು ತಾವು ವರ್ಷವಿಡೀ ಮಾಡುವ ಕೆಲಸಗಳನ್ನು ತಿಂಗಳುವಾರು ಒಂದು ಹಾಳೆಯ ಮೇಲೆ ಬರೆದು ವೈದ್ಯರ ಮುಂದೆ ಇಡಿರಿ. ಯಾವುದನ್ನು ಯಾವಾಗ ಆರಂಭಿಸಬೇಕು, ಯಾವುದನ್ನು ಬಿಡಬೇಕು ಎಂದು ಒಂದೊಂದಾಗಿ ಕೇಳಿ ಗುರುತು ಹಾಕಿಕೊಳ್ಳಿರಿ. ಆ ಹಾಳೆಯನ್ನು ಮನೆಯವರೆಲ್ಲರಿಗೂ ಓದಿ ಹೇಳಿರಿ.